ಚಳ್ಳಕೆರೆ ಶೇಂಗಾ, ರೊಸಾರಿಯೊ ಎಣ್ಣೆ

(ಚಿತ್ರದುರ್ಗದಲ್ಲಿ ವಾಣಿಜ್ಯ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಆಡುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಬ್ಯಾನರ್ ಬಗ್ಗೆ ಒಂದು ಮಾತು. ‘ಭಾರತ ಮತ್ತು ಅರ್ಜೆಂಟೀನಾ: ರಾಜತಾಂತ್ರಿಕ ಹಾಗೂ ವಾಣಿಜ್ಯ ಸಂಬಂಧಗಳು’ ಅಂತ ಬರೆಸಿದ್ದೀರಿ. ಒಂದು ಕಡೆ ನನ್ನ ಫೋಟೊ, ಇನ್ನೊಂದು ಕಡೆ ಮೆಸ್ಸಿ ಫೋಟೊ. ಮೆಸ್ಸಿಯದು ಸ್ವಲ್ಪ ದೊಡ್ಡದು. ಬೇಜಾರಿಲ್ಲ. ಈ ಹುಡುಗರಲ್ಲಿ ಅರ್ಧ ಜನ ಅವನ ಮುಖ ನೋಡಿಯೇ ಬಂದಿದ್ದೀರಿ ಅಂತ ಗೊತ್ತು. ಅವನು ಅರ್ಜೆಂಟೀನಾ ತಂಡದ ಕಾಯಂ ನಾಯಕನಾಗಿ ಆಡಿದ ಮೊದಲ ಪಂದ್ಯ ನಡೆದದ್ದು ನಮ್ಮ ಕೋಲ್ಕತ್ತಾದಲ್ಲಿ, 2011ರ ಸೆಪ್ಟೆಂಬರ್‌ನಲ್ಲಿ. ಎದುರಾಳಿ ವೆನೆಜುವೆಲಾ. ಗೆದ್ದಿದ್ದು 1-0.

ಆದರೆ ನನಗೆ ಮೆಸ್ಸಿ ಬೇಕಿರೋದು ಬೇರೆ ಕಾರಣಕ್ಕೆ. ಅವನು ಹುಟ್ಟಿದ ಊರು ರೊಸಾರಿಯೊ. ಪರಾನಾ ಅನ್ನೋ ದೊಡ್ಡ ನದಿಯ ದಂಡೆಯ ಊರು. ನಾನು ಇವತ್ತು ಹೇಳೋದೂ ಆ ಊರಿನ ಕಥೆಯೇ. ಹಾಗಾಗಿ ಬ್ಯಾನರ್ ಮಾಡಿಸಿದವರು ಗೊತ್ತಿಲ್ಲದೇ ಸರಿಯಾಗಿ ಮಾಡಿಸಿದ್ದಾರೆ.

ನಾನು ಚಳ್ಳಕೆರೆಯವನು. ನಮ್ಮಪ್ಪ ಒಂದು ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಚಳ್ಳಕೆರೆಗೆ ‘ಎಣ್ಣೆ ನಗರ’ ಅಂತ ಹೆಸರಿದ್ದದ್ದು ನಿಮಗೆಲ್ಲ ಗೊತ್ತು. ಎಣ್ಣೆ ವ್ಯಾಪಾರದಲ್ಲಿ ಮುಂಬೈ ಬಿಟ್ಟರೆ ಚಳ್ಳಕೆರೆ ಅಂತ ನಮ್ಮ ಹಿರಿಯರು ಎದೆ ಉಬ್ಬಿಸಿ ಹೇಳುತ್ತಿದ್ದರು. ಅದರಲ್ಲಿ ಅಭಿಮಾನ ಎಷ್ಟು, ಲೆಕ್ಕ ಎಷ್ಟು ಅಂತ ಕೇಳಬೇಡಿ. ನಾನು ಕಂಡದ್ದು ಇಷ್ಟು. ಸುಗ್ಗಿಯಲ್ಲಿ ಶೇಂಗಾ ಚೀಲ ಹೇರಿದ ಲಾರಿಗಳು ರಸ್ತೆಯುದ್ದಕ್ಕೂ ಸಾಲು ನಿಲ್ಲುತ್ತಿದ್ದವು. ಕಾಯಿ ಒಡೆಯೋ ಮಷಿನ್ನಿನ ಸಿಪ್ಪೆ ಧೂಳು ಇಡೀ ಓಣಿಗೆ ಹಾರುತ್ತಿತ್ತು. ಎಣ್ಣೆ ಹಿಂಡೋ ಎಕ್ಸ್‌ಪೆಲ್ಲರ್ ಹತ್ತಿರ ನಿಂತರೆ ಬಿಸಿ ಹಿಂಡಿಯ ವಾಸನೆ. ನಾವು ಹುಡುಗರು ಆ ಬಿಸಿ ಹಿಂಡಿ ಚೂರಿಗೆ ಬೆಲ್ಲ ಸೇರಿಸಿ ತಿನ್ನುತ್ತಿದ್ದೆವು.

ಅಪ್ಪನ ಮೇಜಿನ ಮೇಲೆ ಒಂದು ಕಪ್ಪು ಫೋನಿತ್ತು. ಮುಂಬೈ ರೇಟು ಕೇಳಲು ಟ್ರಂಕ್ ಕಾಲ್ ಮಾಡಿ ಕಾಯುತ್ತಿದ್ದರು. ತೊಂಬತ್ತರ ದಶಕದ ನಡುವೆ ಒಂದು ದಿನ ಫೋನಿಟ್ಟು, ‘ಹೊರಗಿನ ಎಣ್ಣೆ ಬಂದಿದೆಯಂತೆ, ರೇಟು ಬಿತ್ತು’ ಅಂದರು. ಆಗ ‘ಹೊರಗೆ’ ಅಂದರೆ ನನಗೆ ಗುಜರಾತ್ ಇರಬೇಕು ಅನ್ನಿಸಿತ್ತು. ಐದಾರು ವರ್ಷದಲ್ಲಿ ಆ ಮಿಲ್ಲು ಬಾಗಿಲು ಹಾಕಿತು. ಅಪ್ಪನಿಗೆ ಬರಬೇಕಿದ್ದ ನಾಲ್ಕು ತಿಂಗಳ ಸಂಬಳ ಕೊನೆಗೂ ಬರಲಿಲ್ಲ. ಆ ಮಾತು ಇಲ್ಲಿಗೇ ಬಿಡೋಣ.

‘ಹೊರಗೆ’ ಅಂದರೆ ಎಲ್ಲಿ ಅಂತ ನನಗೆ ಗೊತ್ತಾಗೋಕೆ ಬಹಳ ವರ್ಷ ಹಿಡಿಯಿತು. ಪಾಮ್ ಎಣ್ಣೆಯಾದರೆ ಇಂಡೋನೇಷ್ಯಾ, ಮಲೇಷ್ಯಾ. ಸೂರ್ಯಕಾಂತಿಯಾದರೆ ಉಕ್ರೇನ್, ರಷ್ಯಾ. ಸೋಯಾ ಎಣ್ಣೆಯಾದರೆ ಅರ್ಜೆಂಟೀನಾ, ಬ್ರೆಜಿಲ್. ಇದರಲ್ಲಿ ಪಾಲು ಜಾಸ್ತಿ ಪಾಮ್‌ನದೇ. ಆದರೆ ಅತಿ ದೂರದಿಂದ ಬರೋದು ಸೋಯಾ. ಚಿತ್ರದುರ್ಗದಿಂದ ಬ್ಯೂನಸ್ ಐರಿಸ್ ನೇರ ಗೆರೆ ಎಳೆದರೂ 15,000 ಕಿ.ಮೀ. ಹತ್ತಿರ. ನಮಗೂ ಅವರಿಗೂ ಎಂಟೂವರೆ ಗಂಟೆ ವ್ಯತ್ಯಾಸ. ಈಗ ಇಲ್ಲಿ ಸಂಜೆ ಐದೂವರೆ, ಅಲ್ಲಿ ಬೆಳಿಗ್ಗೆ ಒಂಬತ್ತು. ನಮ್ಮ ಮುಂಗಾರು ಅವರಿಗೆ ಚಳಿಗಾಲ. ನಾವು ದೀಪಾವಳಿ ಮಾಡುವ ಹೊತ್ತಿಗೆ ಅವರು ಸೋಯಾ ಬಿತ್ತಲು ಶುರು ಮಾಡುತ್ತಾರೆ. ನಮ್ಮ ಯುಗಾದಿ ಹೊತ್ತಿಗೆ ಅವರ ಕೊಯ್ಲು.

ಈಗ ಒಂದು ತಮಾಷೆ ಹೇಳುತ್ತೇನೆ. ನಮ್ಮ ಶೇಂಗಾ ನಮ್ಮದಲ್ಲ. ಅದರ ತವರು ದಕ್ಷಿಣ ಬೊಲಿವಿಯಾ ಮತ್ತು ಅರ್ಜೆಂಟೀನಾದ ವಾಯವ್ಯ ಮೂಲೆ ಕೂಡುವ ಸೀಮೆ. ಅಲ್ಲಿ ಎರಡು ಕಾಡು ಜಾತಿಗಳು ಬೆರೆತು ಈ ಗಿಡ ಹುಟ್ಟಿತು ಅಂತ ಸಸ್ಯ ವಿಜ್ಞಾನಿಗಳು ತೋರಿಸಿದ್ದಾರೆ. 16ನೇ ಶತಮಾನದಿಂದೀಚೆಗೆ ಪೋರ್ಚುಗೀಸರ, ಸ್ಪೇನಿನವರ ಹಡಗು ಹತ್ತಿ ಲೋಕ ಸುತ್ತಿತು. ತಮಿಳಿನಲ್ಲಿ ಅದಕ್ಕೆ ‘ಮಣಿಲಾ ಕೊಟ್ಟೈ’ ಅಂತಲೂ ಹೆಸರಿದೆ. ಮಣಿಲಾ ಅಂದರೆ ಫಿಲಿಪ್ಪೀನ್ಸ್‌ನ ಮನಿಲಾ. ಹೆಸರೇ ಬಂದ ದಾರಿ ಹೇಳಿಬಿಡುತ್ತದೆ. ನಮ್ಮ ಗಡಿಯ ತೆಲುಗಿನವರು ‘ವೇರುಶೆನಗ’ ಅಂತಾರೆ, ಬೇರಿನ ಕಡಲೆ. ಹೊಸ ವಸ್ತುವನ್ನು ಹಳೆ ಹೆಸರಿನಲ್ಲಿ ಮನೆಗೆ ಸೇರಿಸಿಕೊಳ್ಳೋ ಜಾಣತನ ಅದು. ಮೆಣಸಿನಕಾಯಿದೂ ಇದೇ ಕಥೆ. ಅದೂ ಅಮೆರಿಕದಿಂದಲೇ ಬಂತು. ನಾವು ಮೆಣಸಿನ ಹೆಸರಿಗೆ ಕಾಯಿ ಅಂಟಿಸಿಕೊಂಡೆವು.

ಅಂದರೆ ಅರ್ಜೆಂಟೀನಾ ಕಡೆಯ ಗಿಡ ಚಳ್ಳಕೆರೆಯನ್ನು ಎಣ್ಣೆ ನಗರ ಮಾಡಿತು. ಅದೇ ಅರ್ಜೆಂಟೀನಾದ ಇನ್ನೊಂದು ಗಿಡದ ಎಣ್ಣೆ ಬಂದು ಆ ನಗರದ ಗಾಳಿ ತೆಗೆಯಿತು. ಸೋಯಾ ಮಾತ್ರ ಅವರದ್ದೂ ಅಲ್ಲ. ಅದು ಚೀನಾ ಕಡೆಯದು. ಯಾರ ಬೆಳೆ ಯಾರದು ಅಂತ ಹೇಳೋಕೆ ಹೋದರೆ ಯಾವ ದೇಶಕ್ಕೂ ಮರ್ಯಾದೆ ಉಳಿಯೋದಿಲ್ಲ.

ರಾಜತಾಂತ್ರಿಕ ಸಂಬಂಧದ ಬಗ್ಗೆ ಹೇಳದಿದ್ದರೆ ಬ್ಯಾನರ್‌ಗೆ ಅವಮಾನ. ಅದನ್ನು ಬೇಗ ಮುಗಿಸುತ್ತೇನೆ. ಅರ್ಜೆಂಟೀನಾ 1920ರ ದಶಕದಲ್ಲೇ ಕಲ್ಕತ್ತಾದಲ್ಲಿ ಒಂದು ದೂತ ಕಚೇರಿ ಇಟ್ಟಿತ್ತು. ದೆಹಲಿ ಬಿಟ್ಟು ಕಲ್ಕತ್ತಾ ಯಾಕೆ? ಸೆಣಬಿನ ಚೀಲ. ಅವರ ಗೋಧಿ ಲೋಕಕ್ಕೆ ಹೋಗಬೇಕಾದರೆ ಚೀಲ ಬೇಕು. ಚೀಲ ಇದ್ದದ್ದು ಬಂಗಾಳದಲ್ಲಿ. ಭಾರತ 1943ರಲ್ಲಿ, ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗಲೇ, ಬ್ಯೂನಸ್ ಐರಿಸ್‌ನಲ್ಲಿ ವ್ಯಾಪಾರ ಕಚೇರಿ ತೆರೆಯಿತು. 1949ರಲ್ಲಿ ಅದೇ ರಾಯಭಾರ ಕಚೇರಿಯಾಯಿತು. ಬಾವುಟಕ್ಕಿಂತ ಮೊದಲು ತಕ್ಕಡಿ ಹೋಯಿತು ಅನ್ನಿ.

ಅದಕ್ಕೂ ಮೊದಲು ಒಬ್ಬ ಕವಿ ಹೋಗಿದ್ದರು. 1924ರಲ್ಲಿ ರವೀಂದ್ರನಾಥ ಟ್ಯಾಗೋರ್ ಪೆರು ದೇಶಕ್ಕೆ ಹೊರಟಿದ್ದರು. ದಾರಿಯಲ್ಲಿ ಹುಷಾರು ತಪ್ಪಿ ಬ್ಯೂನಸ್ ಐರಿಸ್‌ನಲ್ಲಿ ಉಳಿದರು. ವಿಕ್ಟೋರಿಯಾ ಒಕಾಂಪೊ ಅನ್ನೋ ಲೇಖಕಿ ಅವರನ್ನು ಊರಾಚೆ, ನದಿ ಕಾಣುವ ಮನೆಯೊಂದರಲ್ಲಿ ಇರಿಸಿ ಆರೈಕೆ ಮಾಡಿದರು. ಹೋಗಿ ಬರೋ ದಾರಿಯ ನೆಂಟರು ಎರಡು ತಿಂಗಳ ಹತ್ತಿರ ಉಳಿದರು. ಟ್ಯಾಗೋರರಿಗೆ ಆ ಮನೆಯ ಒಂದು ಕುರ್ಚಿ ಬಹಳ ಹಿಡಿಸಿತ್ತು. ಹೊರಡುವಾಗ ಆಕೆ ಅದನ್ನೂ ಹಡಗಿಗೆ ಹತ್ತಿಸಿದರು. ಕ್ಯಾಬಿನ್ ಬಾಗಿಲಲ್ಲಿ ಹಿಡಿಸಲಿಲ್ಲ ಅಂತ ಬಾಗಿಲನ್ನೇ ಬಿಚ್ಚಿಸಿದರಂತೆ. ಆ ಕುರ್ಚಿ ಶಾಂತಿನಿಕೇತನ ಸೇರಿತು. ಎರಡೂ ದೇಶದವರು ಭಾಷಣ ಮಾಡುವಾಗಲೆಲ್ಲ ಈ ಕಥೆ ಹೇಳುತ್ತಾರೆ. ನೂರು ವರ್ಷವಾದರೂ ಹೇಳೋಕೆ ಅದೇ ಕಥೆ ಬೇಕಾಗುತ್ತದೆ ಅಂದರೆ, ನಡುವೆ ಎಷ್ಟು ಕಡಿಮೆ ನಡೆದಿದೆ ನೋಡಿ.

ಉಳಿದದ್ದು ಭೇಟಿಗಳು. 1968ರಲ್ಲಿ ಇಂದಿರಾ ಗಾಂಧಿ ಅಲ್ಲಿಗೆ ಹೋದರು. 1985ರಲ್ಲಿ ಅಣ್ವಸ್ತ್ರ ಬೇಡ ಅಂತ ಆರು ದೇಶಗಳು ದೆಹಲಿಯಲ್ಲಿ ಸೇರಿ ಘೋಷಣೆ ಹೊರಡಿಸಿದಾಗ ಅರ್ಜೆಂಟೀನಾ ಅಧ್ಯಕ್ಷ ಅಲ್ಫೊನ್ಸಿನ್ ಬಂದಿದ್ದರು. 2019ರಲ್ಲಿ ಅಧ್ಯಕ್ಷ ಮಾಕ್ರಿ ಬಂದಾಗ ‘ಕಾರ್ಯತಂತ್ರದ ಪಾಲುದಾರಿಕೆ’ ಅಂತ ಹೆಸರಿಟ್ಟರು. 2025ರ ಜುಲೈನಲ್ಲಿ ಮೋದಿ ಹೋದರು. ಎರಡೇ ದೇಶಗಳ ಮಾತುಕತೆಗೆ ಅಂತ ಭಾರತದ ಪ್ರಧಾನಿಯೊಬ್ಬರು ಅಲ್ಲಿಗೆ ಹೋಗಿದ್ದು 57 ವರ್ಷದ ನಂತರ. ಹಾಂ, ಇನ್ನೊಬ್ಬ ರೊಸಾರಿಯೊ ಹುಡುಗ 1959ರಲ್ಲಿ ದೆಹಲಿಗೆ ಬಂದು ನೆಹರೂ ಅವರನ್ನು ಕಂಡಿದ್ದ. ಚೆ ಗುವೆರಾ. ಆದರೆ ಬಂದದ್ದು ಕ್ಯೂಬಾದ ಪರವಾಗಿ. ಅವನ ಮುಖದ ಟೀ ಶರ್ಟ್ ಹಾಕೋರಿಗೆ ಗೊತ್ತಿರಲಿ ಅಂತ ಹೇಳಿದೆ.

ಇಷ್ಟರಲ್ಲಿ ಎಲ್ಲೂ ಎಣ್ಣೆ ಬರಲಿಲ್ಲ, ಅಲ್ವಾ? ನನ್ನ ತಕರಾರೇ ಅದು. ಈ ಎರಡು ದೇಶಗಳ ನಿಜವಾದ ಸಂಬಂಧ ಕೈಕುಲುಕಿದ ಫೋಟೊದಲ್ಲಿಲ್ಲ. ಎರಡೂ ಕಡೆಯ ಸುಂಕದ ಪಟ್ಟಿಯಲ್ಲಿದೆ. ಆ ಪಟ್ಟಿಯನ್ನು ಚಳ್ಳಕೆರೆಯಲ್ಲಿ ಕೂತು ಓದಿದರೆ ಒಂದು ಅರ್ಥ, ರೊಸಾರಿಯೊದಲ್ಲಿ ಕೂತು ಓದಿದರೆ ಇನ್ನೊಂದು ಅರ್ಥ.

ಮೊದಲು ನಮ್ಮ ಕಡೆಯದು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳಿಗೆ ಅಂತಲೇ ಒಂದು ಮಿಷನ್ ಶುರು ಮಾಡಿತು. ಆಮದು ಸರ್ಕಾರದ ಕೈಯಲ್ಲೇ ಇತ್ತು. ರೈತನಿಗೆ ರೇಟು ಸಿಕ್ಕಿತು. ತೊಂಬತ್ತರ ದಶಕದ ಶುರುವಿನಲ್ಲಿ ನಾವು ಹತ್ತಿರ ಹತ್ತಿರ ನಮ್ಮ ಎಣ್ಣೆ ನಾವೇ ತಿನ್ನುವಂತಾಗಿದ್ದೆವು. ಚಳ್ಳಕೆರೆಯ ಲಾರಿ ಸಾಲು ಆ ಕಾಲದ್ದು. 1994ರಲ್ಲಿ ಪಾಮೊಲಿನ್ ಆಮದನ್ನು ಖಾಸಗಿಯವರಿಗೆ ಬಿಟ್ಟರು, ಸುಂಕ ಶೇ. 65. ಮರುವರ್ಷ ಉಳಿದ ಎಣ್ಣೆಗಳಿಗೂ ಬಾಗಿಲು ತೆರೆಯಿತು, ಸುಂಕ ಶೇ. 30. 1998ರ ಹೊತ್ತಿಗೆ ಶೇ. 15. ನಾಲ್ಕು ವರ್ಷದಲ್ಲಿ 65ರಿಂದ 15. ಅಪ್ಪನ ಫೋನಿನಲ್ಲಿ ಬಂದ ಸುದ್ದಿ ಇದೇ.

ಇನ್ನೊಂದು ಗಂಟಿದೆ. ಇದನ್ನು ವಿದ್ಯಾರ್ಥಿಗಳು ಬರೆದಿಟ್ಟುಕೊಳ್ಳಿ. ವಿಶ್ವ ವ್ಯಾಪಾರ ಸಂಸ್ಥೆಗೆ ಪ್ರತಿ ದೇಶವೂ ‘ಈ ವಸ್ತುವಿನ ಮೇಲೆ ಇಷ್ಟಕ್ಕಿಂತ ಜಾಸ್ತಿ ಸುಂಕ ಹಾಕೋದಿಲ್ಲ’ ಅಂತ ಮಾತು ಕೊಟ್ಟಿರುತ್ತದೆ. ಪಾಮ್, ಸೂರ್ಯಕಾಂತಿ, ಶೇಂಗಾ ಎಣ್ಣೆಗೆ ನಾವು ಕೊಟ್ಟ ಮಿತಿ ಶೇ. 300. ಸೋಯಾ ಎಣ್ಣೆಗೆ ಮಾತ್ರ ಶೇ. 45. ಮುಂದೆ ರೈತರ ಕೂಗು ಜಾಸ್ತಿಯಾಗಿ ಪಾಮ್ ಎಣ್ಣೆ ಸುಂಕ ಏರಿಸಿದಾಗ ಸೋಯಾ 45ರ ಗೋಡೆಗೆ ತಾಗಿ ನಿಂತಿತು. ಪಾಮ್‌ಗೆ ಬಾಗಿಲು ಕಿರಿದಾದಾಗ ಸೋಯಾ ಒಳಗೆ ಬಂತು. ಅರ್ಜೆಂಟೀನಾ ಇದಕ್ಕೆ ಏನೂ ಮಾಡಬೇಕಾಗಲಿಲ್ಲ. ಸುಮ್ನೆ ಹಡಗು ತುಂಬಿಸಿದರೆ ಸಾಕಿತ್ತು.

ಈಗ ಅವರ ಕಡೆಗೆ ಹೋಗೋಣ. ಪಂಪಾ ಅಂದರೆ ಕಣ್ಣು ಹರಿದಷ್ಟೂ ಸಮತಟ್ಟು ಕಪ್ಪು ನೆಲ. ನಮ್ಮ ಹಿರಿಯೂರು ಸೀಮೆಯ ಎರೆ ಹೊಲ ನೂರಾರು ಪಟ್ಟು ಹಿಗ್ಗಿದ ಹಾಗೆ ಅಂದುಕೊಳ್ಳಿ. ಮೊದಲು ಅಲ್ಲಿ ದನ, ಗೋಧಿ, ಮೆಕ್ಕೆಜೋಳ. ಎಪ್ಪತ್ತರ ದಶಕದಿಂದ ಸೋಯಾ. 1996ರಲ್ಲಿ ಕಳೆನಾಶಕ ತಡೆಯುವ ಕುಲಾಂತರಿ ಸೋಯಾಗೆ ಒಪ್ಪಿಗೆ ಸಿಕ್ಕಿತು. ಆಮೇಲೆ ಉಳುಮೆಯೂ ಇಲ್ಲ, ಕಳೆ ಕೀಳೋದೂ ಇಲ್ಲ. ಬಿತ್ತು, ಸಿಂಪಡಿಸು, ಕೊಯ್ಯಿ. ರೊಸಾರಿಯೊ ಸುತ್ತ ಪರಾನಾ ನದಿಯ ದಂಡೆ ಹಿಡಿದು ಸಾಲಾಗಿ ಎಣ್ಣೆ ಕಾರ್ಖಾನೆಗಳು ಎದ್ದವು. ಆ ದೇಶದ ಕೃಷಿ ರಫ್ತಿನಲ್ಲಿ ಸುಮಾರು ಶೇ. 80 ಈ ಒಂದು ದಂಡೆಯಿಂದಲೇ ಹೊರಡುತ್ತದೆ. ಸೋಯಾ ಎಣ್ಣೆ, ಸೋಯಾ ಹಿಂಡಿ ಎರಡರಲ್ಲೂ ಲೋಕದ ಮೊದಲ ರಫ್ತುದಾರ ಅರ್ಜೆಂಟೀನಾ.

ವಿಚಿತ್ರ ಏನು ಗೊತ್ತಾ? ಅವರ ಅಡುಗೆಮನೆಯಲ್ಲಿ ಜಾಸ್ತಿ ಇರೋದು ಸೂರ್ಯಕಾಂತಿ ಎಣ್ಣೆ. ಸೋಯಾ ಎಣ್ಣೆ ಅವರಿಗೆ ಮಾರೋಕೆ, ಇಲ್ಲವೇ ಡೀಸೆಲ್‌ಗೆ ಬೆರೆಸೋಕೆ. ತಾವು ಅಷ್ಟಾಗಿ ತಿನ್ನದ್ದನ್ನು ನಮಗೆ ಕಳಿಸುತ್ತಾರೆ ಅಂತ ಸಿಟ್ಟಾಗಬೇಡಿ. ದಾವಣಗೆರೆಯ ಮೆಕ್ಕೆಜೋಳವನ್ನು ದಾವಣಗೆರೆಯವರು ಎಷ್ಟು ತಿನ್ನುತ್ತಾರೆ? ಅದು ಕೋಳಿಗೆ ಹೋಗುತ್ತದೆ.

ಆ ನದಿ ಆಳ ಕಡಿಮೆ. ದೊಡ್ಡ ಹಡಗು ಪೂರ್ತಿ ತುಂಬಿಸಿದರೆ ತಳ ತಾಗುತ್ತದೆ. ಆದ್ದರಿಂದ ಎಷ್ಟೋ ಹಡಗು ರೊಸಾರಿಯೊದಲ್ಲಿ ಮುಕ್ಕಾಲು ತುಂಬಿ, ಕೆಳಗೆ ಸಮುದ್ರದ ಬಂದರಿಗೆ ಹೋಗಿ ಉಳಿದದ್ದು ತುಂಬಿಕೊಳ್ಳುತ್ತವೆ. 2021ರಲ್ಲಿ ಪರಾನಾ 77 ವರ್ಷದಲ್ಲೇ ಅತಿ ಕಡಿಮೆ ಮಟ್ಟಕ್ಕೆ ಇಳಿದಿತ್ತು. ಅಲ್ಲಿಂದ ಆಫ್ರಿಕಾದ ತುದಿ ಸುತ್ತಿ ನಮ್ಮ ಬಂದರು ಮುಟ್ಟೋಕೆ ಆರು ವಾರದ ಹತ್ತಿರ. ಪಾಮ್ ಎಣ್ಣೆ ವಾರ ಹತ್ತು ದಿನದಲ್ಲಿ ಬಂದುಬಿಡುತ್ತದೆ. ಹಾಗಾಗಿ ಸೋಯಾ ತರಿಸೋನು ಒಂದೂವರೆ ತಿಂಗಳ ಮುಂದಿನ ರೇಟು ಊಹಿಸಿ ದುಡ್ಡು ಹಾಕಬೇಕು. ಇದು ವ್ಯಾಪಾರಕ್ಕಿಂತ ಮಳೆ ನಂಬಿ ಬಿತ್ತಿದ ಹಾಗೆಯೇ ಜಾಸ್ತಿ.

ಅವರ ಸುಂಕದ ಕಥೆ ನಮ್ಮದಕ್ಕೆ ತಲೆಕೆಳಗು. ನಾವು ಒಳಗೆ ಬರೋದಕ್ಕೆ ಸುಂಕ ಹಾಕುತ್ತೇವೆ. ಅವರು ಹೊರಗೆ ಹೋಗೋದಕ್ಕೆ ಹಾಕುತ್ತಾರೆ. ಸ್ಪ್ಯಾನಿಷ್‌ನಲ್ಲಿ ‘ರೆಟೆನ್ಸಿಯೋನೆಸ್’ ಅಂತಾರೆ, ಹಿಡಿದಿಟ್ಟುಕೊಂಡದ್ದು ಅಂತ ಅರ್ಥ. ರೈತ 100 ರೂಪಾಯಿ ಸೋಯಾ ಮಾರಿದರೆ ಸರ್ಕಾರ 30, 35 ಹಿಡಿದುಕೊಳ್ಳುತ್ತಿತ್ತು. ಡಾಲರ್ ಇಲ್ಲದ ಸರ್ಕಾರಕ್ಕೆ ಅದೇ ಹಾಲು ಕೊಡುವ ಎಮ್ಮೆ.

2008ರ ಮಾರ್ಚ್‌ನಲ್ಲಿ ಅಧ್ಯಕ್ಷೆ ಕ್ರಿಸ್ಟಿನಾ ಕಿರ್ಚ್ನರ್ ಸರ್ಕಾರ ‘ನಿರ್ಣಯ 125’ ಅಂತ ಒಂದು ಆದೇಶ ತಂದಿತು. ಲೋಕದಲ್ಲಿ ಬೆಲೆ ಏರಿದಂತೆ ಸುಂಕವೂ ಏರುತ್ತದೆ ಅಂತ. ಅವತ್ತಿನ ಬೆಲೆಗೆ ಸೋಯಾ ಮೇಲೆ ಶೇ. 44ರ ಹತ್ತಿರ. ರೈತರು ಬೀದಿಗಿಳಿದರು. ಹೆದ್ದಾರಿಗೆ ಟ್ರ್ಯಾಕ್ಟರ್ ಅಡ್ಡ ಇಟ್ಟರು. ಬ್ಯೂನಸ್ ಐರಿಸ್ ಅಂಗಡಿಗಳಲ್ಲಿ ಮಾಂಸ ಸಿಗದಂತಾಯಿತು. ಮಾಂಸ ಇಲ್ಲದ ಅರ್ಜೆಂಟೀನಾ ಅಂದರೆ ಅನ್ನ, ಮುದ್ದೆ ಇಲ್ಲದ ಚಿತ್ರದುರ್ಗ. ಜನ ಪಾತ್ರೆ ಬಡಿದುಕೊಂಡು ರಸ್ತೆಗೆ ಬಂದರು. ನಾಲ್ಕು ತಿಂಗಳು ಹೀಗೇ ನಡೆಯಿತು. ಕೊನೆಗೆ ವಿಷಯ ಸೆನೆಟ್‌ಗೆ ಬಂತು. ಜುಲೈ 16ರ ರಾತ್ರಿಯಿಡೀ ಚರ್ಚೆ. ಬೆಳಗಿನ ಜಾವ ಮತ ಎಣಿಸಿದರೆ 36-36. ಸಮ.

ಸಮ ಆದರೆ ಸಭೆ ನಡೆಸೋ ಉಪಾಧ್ಯಕ್ಷನ ಮತವೇ ಕೊನೆ. ಆಗಿನ ಉಪಾಧ್ಯಕ್ಷ ಹೂಲಿಯೊ ಕೋಬೊಸ್. ಸರ್ಕಾರದ್ದೇ ಮನುಷ್ಯ. ಅವನು ನಡುಗುವ ದನಿಯಲ್ಲಿ ಮಾತಾಡಿ ತನ್ನ ಸರ್ಕಾರದ ವಿರುದ್ಧವೇ ಮತ ಹಾಕಿದ. ಆದೇಶ ಬಿದ್ದುಹೋಯಿತು.

ಈ ಕಥೆ ಓದಿದಾಗ ನನಗೆ ನಮ್ಮ ಸೀಮೆಯ ರೈತ ಚಳವಳಿಯ ದಿನಗಳು, ಆ ಹಸಿರು ಶಾಲುಗಳು ನೆನಪಾದವು. ಸುಂಕ ಅಂದರೆ ಲೆಕ್ಕದ ಪುಸ್ತಕದ ಸಂಗತಿ ಅಂತ ನಾವು ಪಾಠ ಮಾಡುತ್ತೇವೆ. ಅಲ್ಲಿ ಅದು ಒಂದು ಸರ್ಕಾರವನ್ನು ಅಲ್ಲಾಡಿಸಿತು. ಮತ್ತೆ, ಆ ರಾತ್ರಿ ಸೆನೆಟ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಇದರಿಂದ ಭಾರತದ ಯಾವುದೋ ಊರಿನ ಶೇಂಗಾ ರೇಟು ಹೆಚ್ಚು ಕಡಿಮೆ ಆಗುತ್ತದೆ ಅಂತ.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಮಾತು. ಅರ್ಜೆಂಟೀನಾ ಬಹಳ ವರ್ಷ ಒಂದು ಜಾಣ ಕೆಲಸ ಮಾಡಿತು. ಸೋಯಾ ಕಾಳಿನ ರಫ್ತಿಗೆ ಜಾಸ್ತಿ ಸುಂಕ, ಎಣ್ಣೆ ಮತ್ತು ಹಿಂಡಿಗೆ ಎರಡು ಮೂರು ಪರ್ಸೆಂಟ್ ಕಡಿಮೆ. ಅಷ್ಟೇ ಅಂತರ. ಆ ಅಂತರದಿಂದ ಕಾಳು ಹೊರಗೆ ಹೋಗುವ ಬದಲು ರೊಸಾರಿಯೊ ಮಿಲ್ಲಿಗೆ ಬಂತು. ಕೂಲಿ ಅಲ್ಲೇ ಉಳಿಯಿತು. ನಮ್ಮಲ್ಲೂ ಅಂತರ ಇದೆ. ಹೊರಗಿನಿಂದ ಬರೋ ಅಡುಗೆ ಎಣ್ಣೆಯಲ್ಲಿ ಸೋಸದ ಕಚ್ಚಾ ಎಣ್ಣೆಗೆ ಕಡಿಮೆ, ಸೋಸಿದ ರಿಫೈನ್ಡ್ ಎಣ್ಣೆಗೆ ಜಾಸ್ತಿ. 2025ರ ಮೇ ಕೊನೆಯಲ್ಲಿ ಮಾಡಿದ ಬದಲಾವಣೆಯಲ್ಲಿ ಸೆಸ್ಸು ಗಿಸ್ಸು ಎಲ್ಲ ಸೇರಿ ಕಚ್ಚಾ ಎಣ್ಣೆಗೆ ಶೇ. 16.5, ರಿಫೈನ್ಡ್‌ಗೆ ಶೇ. 35.75. ಈ ಅಂತರ ಯಾರನ್ನು ಕಾಯುತ್ತದೆ? ಕಚ್ಚಾ ಎಣ್ಣೆ ತರಿಸಿ ಸೋಸುವ ರಿಫೈನರಿಗಳನ್ನು. ಕಾಂಡ್ಲಾ, ಕಾಕಿನಾಡ, ಮಂಗಳೂರು, ಹೀಗೆ ಬಂದರಿನ ಬಗಲಲ್ಲಿರೋರನ್ನು.

ಕಾಳು ತಂದು ಹಿಂಡೋ ಚಳ್ಳಕೆರೆ ಮಿಲ್ಲಿಗೆ ಈ ಎರಡು ಅಂತರದಲ್ಲಿ ಯಾವುದೂ ಸಿಗಲಿಲ್ಲ. ಒಂದು ಅಂತರ ರೊಸಾರಿಯೊದ ಹಿಂಡುವವನನ್ನು ಕಾಯಿತು. ಇನ್ನೊಂದು ನಮ್ಮದೇ ಬಂದರಿನ ಸೋಸುವವನನ್ನು ಕಾಯಿತು. ಬಂದರಿನಿಂದ ದೂರ, ಒಣ ಸೀಮೆಯ ನಡುವೆ ಇದ್ದವನು ಬಿದ್ದ. ಅರ್ಜೆಂಟೀನಾ ನಮ್ಮ ಮಿಲ್ಲು ಮುಚ್ಚಿಸಿತು ಅಂತ ನಾನು ಹೇಳೋದಿಲ್ಲ. ನಮ್ಮಪ್ಪ ಹಾಗೆ ಹೇಳುತ್ತಿದ್ದರು. ಪಾಪ, ಅವರಿಗೆ ಯಾರನ್ನಾದರೂ ಬೈಯಬೇಕಿತ್ತು. ತಮ್ಮ ಮಿಲ್ಲನ್ನು ಹೇಗೆ ಉಳಿಸಿಕೊಳ್ಳಬೇಕು ಅಂತ ಅರ್ಜೆಂಟೀನಾದವರಿಗೆ ಗೊತ್ತಿತ್ತು. ನಮ್ಮ ಕಡೆ ಆ ಲೆಕ್ಕ ಹಾಕುವಾಗ ಚಳ್ಳಕೆರೆಯ ಹೆಸರು ಯಾರ ಬಾಯಲ್ಲೂ ಬಂದಿರಲಿಕ್ಕಿಲ್ಲ.

ಇನ್ನು ಮೂರನೆಯವರ ಜಗಳ ನಮಗೆ ಹೇಗೆ ತಾಗುತ್ತದೆ ಅನ್ನೋದಕ್ಕೆ 2010 ನೋಡಿ. ಅರ್ಜೆಂಟೀನಾ ಚೀನಾದ ಸರಕುಗಳ ಮೇಲೆ ಆಮದು ತಡೆ ಹಾಕಿತು. ಅದಕ್ಕೆ ಪ್ರತಿಯಾಗಿ ಚೀನಾ ಆ ಏಪ್ರಿಲ್‌ನಲ್ಲಿ, ‘ನಿಮ್ಮ ಸೋಯಾ ಎಣ್ಣೆಯಲ್ಲಿ ಸಾಲ್ವೆಂಟ್ ಅಂಶ ಜಾಸ್ತಿ’, ಅಂದರೆ ಎಣ್ಣೆ ತೆಗೆಯೋಕೆ ಬಳಸೋ ರಾಸಾಯನಿಕ ಉಳಿದಿದೆ ಅಂತ, ಕೊಳ್ಳೋದು ನಿಲ್ಲಿಸಿತು. ಎಣ್ಣೆ ರಾತ್ರೋರಾತ್ರಿ ಕೆಟ್ಟುಹೋಗಿರಲಿಲ್ಲ ಬಿಡಿ. ಅಷ್ಟು ಎಣ್ಣೆ ಎಲ್ಲಿಗೆ ಹೋಗಬೇಕು? ಭಾರತಕ್ಕೆ. ಅಲ್ಲಿಂದಾಚೆ ಅವರ ಸೋಯಾ ಎಣ್ಣೆಗೆ ನಾವೇ ದೊಡ್ಡ ಗಿರಾಕಿ. ಬೀಜಿಂಗ್‌ನಲ್ಲಿ ಮುನಿಸು, ಬ್ಯೂನಸ್ ಐರಿಸ್‌ನಲ್ಲಿ ತಲೆನೋವು, ನಮ್ಮ ಕಿರಾಣಿ ಅಂಗಡಿಯಲ್ಲಿ ಪ್ಯಾಕೆಟ್ಟು.

2022 ಇನ್ನೂ ಗಮ್ಮತ್ತು. ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ, ಸೂರ್ಯಕಾಂತಿ ನಿಂತಿತು. ಮಾರ್ಚ್‌ನಲ್ಲಿ ಅರ್ಜೆಂಟೀನಾ ಸೋಯಾ ಎಣ್ಣೆ ರಫ್ತಿನ ನೋಂದಣಿಯನ್ನು ಕೆಲ ದಿನ ನಿಲ್ಲಿಸಿ, ಸುಂಕವನ್ನು 31ರಿಂದ 33ಕ್ಕೆ ಏರಿಸಿತು. ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ಪಾಮ್ ರಫ್ತು ನಿಷೇಧಿಸಿ, ಮೂರು ವಾರ ಹಾಗೇ ಇಟ್ಟಿತು. ಮೂರು ನಲ್ಲಿಗಳನ್ನು ಒಂದಾದ ಮೇಲೊಂದು ತಿರುಗಿಸಿದ ಹಾಗೆ. ಆ ವರ್ಷ ಭಾರತ, ಅರ್ಜೆಂಟೀನಾ ನಡುವಿನ ವ್ಯಾಪಾರ 640 ಕೋಟಿ ಡಾಲರ್ ಹತ್ತಿರ ಮುಟ್ಟಿ ದಾಖಲೆಯಾಯಿತು. ಪತ್ರಿಕೆಗಳಲ್ಲಿ ‘ಸಂಬಂಧ ಗಟ್ಟಿಯಾಗಿದೆ’ ಅಂತ ಬಂತು. ಸಂಬಂಧ ಗಟ್ಟಿಯಾಗಿರಲಿಲ್ಲ, ಎಣ್ಣೆ ತುಟ್ಟಿಯಾಗಿತ್ತು! ಮರುವರ್ಷ ಅಲ್ಲಿ ಭೀಕರ ಬರ. ಸೋಯಾ ಬೆಳೆ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು, ವ್ಯಾಪಾರವೂ ಧಡ್ ಅಂತ ಕುಸಿಯಿತು. ಸ್ನೇಹದ ಮಟ್ಟ ಅಳೆಯೋಕೆ ಮಳೆಮಾಪಕ ಇಟ್ಟ ಹಾಗೆ.

2025ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು. ಡಾಲರ್‌ಗೆ ಪರದಾಡುತ್ತಿದ್ದ ಅಲ್ಲಿನ ಅಧ್ಯಕ್ಷ ಮಿಲೇ ಸರ್ಕಾರ ರಫ್ತು ಸುಂಕವನ್ನು ಏಕಾಏಕಿ ಸೊನ್ನೆ ಮಾಡಿತು. ರಫ್ತಿನ ನೋಂದಣಿ 700 ಕೋಟಿ ಡಾಲರ್ ಮುಟ್ಟುವವರೆಗೆ ಅಂತ ಷರತ್ತು. ಮೂರೇ ದಿನಕ್ಕೆ ಮುಟ್ಟಿತು. ಚೀನಾದವರು ಕಾಳು ಬಾಚಿದರು, ನಮ್ಮವರು ಎಣ್ಣೆ ಬಾಚಿದರು. ನಮ್ಮ ರೈತ ಅದೇ ಹೊತ್ತಿಗೆ ಶೇಂಗಾ ಕೀಳಲು ಆಳು ಹುಡುಕುತ್ತಿದ್ದ.

ಒಪ್ಪಂದದ ವಿಚಾರ ಕೇಳಬಹುದು ನೀವು. ಇದೆ. ಅರ್ಜೆಂಟೀನಾ, ಬ್ರೆಜಿಲ್, ಉರುಗ್ವೆ, ಪರಾಗ್ವೆ ಸೇರಿ 1991ರಲ್ಲಿ ಮರ್ಕೊಸುರ್ ಅಂತ ಕೂಟ ಕಟ್ಟಿಕೊಂಡವು. ಅದರ ಜೊತೆ ನಾವು 2004ರ ಜನವರಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದೆವು. ಜಾರಿಗೆ ಬಂದದ್ದು 2009ರ ಜೂನ್‌ನಲ್ಲಿ. ನಮ್ಮ ಕಡೆ 450, ಅವರ ಕಡೆ 452 ಬಗೆಯ ಸರಕಿಗೆ ರಿಯಾಯಿತಿ. ಬಹಳಷ್ಟಕ್ಕೆ ಸಿಕ್ಕ ರಿಯಾಯಿತಿ ಶೇ. 10, ಇಲ್ಲವೇ 20. ಮದುವೆ ಮಾತುಕತೆಗೆ ಐದು ವರ್ಷ, ಊಟಕ್ಕೆ ಉಪ್ಪಿಟ್ಟು. ನಾವು ಅವರಿಗೆ ಮಾರೋದು ಬೈಕು, ವಾಹನದ ಬಿಡಿಭಾಗ, ಔಷಧಿ, ಕೀಟನಾಶಕ, ಬಟ್ಟೆ. ಗಮನಿಸಿ, ಅವರ ಸೋಯಾ ಹೊಲಕ್ಕೆ ಹೊಡೆಯೋ ಔಷಧಿಯಲ್ಲಿ ನಮ್ಮದೂ ಇದೆ. ಆದರೂ ತಕ್ಕಡಿ ಅವರ ಕಡೆಗೇ ವಾಲಿದೆ.

ಬ್ಯಾಟರಿಗೆ ಬೇಕಾದ ಲಿಥಿಯಂ ಬಗ್ಗೆ ಒಂದೆರಡು ಮಾತು, ಯಾಕೆಂದರೆ ಹೊರಗೆ ನಿಂತಿರೋ ಎಲೆಕ್ಟ್ರಿಕ್ ಸ್ಕೂಟರ್ ಎಣಿಸಿಕೊಂಡೇ ಬಂದೆ. 2024ರ ಜನವರಿಯಲ್ಲಿ ನಮ್ಮ ಸರ್ಕಾರಿ ಕಂಪನಿ ‘ಕಾಬಿಲ್’ ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತ್ಯದ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಐದು ಬ್ಲಾಕು, 15,703 ಹೆಕ್ಟೇರು, ಸುಮಾರು 200 ಕೋಟಿ ರೂಪಾಯಿ. ಉಪ್ಪುನೀರಿನಲ್ಲಿ ಲಿಥಿಯಂ ಹುಡುಕುವ ಕೆಲಸ. ಹುಡುಕುವುದು ಅಂದೆ, ತೆಗೆಯುವುದು ಅನ್ನಲಿಲ್ಲ. ಇಂಗಳದಾಳದ ತಾಮ್ರದ ಗಣಿ ಕಂಡ ಊರಿನವರಿಗೆ ನೆಲದಡಿ ಇರೋದಕ್ಕೂ ಕೈಗೆ ಬರೋದಕ್ಕೂ ಇರುವ ದೂರವನ್ನು ನಾನು ಹೇಳಬೇಕಿಲ್ಲ. ಎಣ್ಣೆಯಲ್ಲಿ ನಾವು ಬರೀ ಗಿರಾಕಿ. ಇಲ್ಲಿ ಪಾಲುದಾರರಾಗೋ ಅವಕಾಶ ಇದೆ. ಆದರೆ ಸೋಸುವುದು ಎಲ್ಲಿ, ಬ್ಯಾಟರಿ ಮಾಡೋದು ಎಲ್ಲಿ ಅನ್ನೋ ಪ್ರಶ್ನೆ ಎಣ್ಣೆಯಲ್ಲಿ ಇದ್ದ ಹಾಗೇ ಇಲ್ಲೂ ಇದೆ.

ಇನ್ನು ಪ್ರಶ್ನೆಗಳು.

ಬಿ.ಕಾಂ. ಓದುವ ಹುಡುಗಿಯೊಬ್ಬಳು ಕೇಳಿದಳು: ‘ಸರ್, ಅಲ್ಲಿ ಚಳ್ಳಕೆರೆ ಥರದ ಊರು ಇದೆಯಾ?’

ಒಳ್ಳೆ ಪ್ರಶ್ನೆ. ಇದೆ. ಕೊರ್ಡೊಬಾ ಅನ್ನೋ ಪ್ರಾಂತ್ಯ. ಅರ್ಜೆಂಟೀನಾದ ಶೇಂಗಾದಲ್ಲಿ ಹೆಚ್ಚಿನ ಪಾಲು ಅಲ್ಲೇ ಬೆಳೆಯೋದು. ಹೆರ್ನಾಂಡೊ ಅನ್ನೋ ಊರಿನಲ್ಲಿ ರಾಷ್ಟ್ರೀಯ ಶೇಂಗಾ ಹಬ್ಬ ಮಾಡುತ್ತಾರೆ. ಜನರಲ್ ದೆಹೆಸಾ ಅಂತ ಇನ್ನೊಂದು ಊರು, ಎಣ್ಣೆ ಕಾರ್ಖಾನೆಯೇ ಅದರ ಜೀವ. ಆದರೆ ಅವರು ಶೇಂಗಾವನ್ನು ಎಣ್ಣೆಗಿಂತ ಜಾಸ್ತಿ ತಿನ್ನೋ ಬೀಜವಾಗಿಯೇ ಯೂರೋಪಿಗೆ ಮಾರುತ್ತಾರೆ. ಗಾತ್ರ ನೋಡಿ ಆರಿಸಿ, ಬೂಷ್ಟು ಪರೀಕ್ಷೆ ಮಾಡಿಸಿ ಕಳಿಸುತ್ತಾರೆ. ರೇಟು ಅಲ್ಲಿದೆ.

ಹಿಂದಿನ ಸಾಲಿನಿಂದ ರೈತರೊಬ್ಬರು ಎದ್ದರು. ಪರಶುರಾಂಪುರದ ಕಡೆಯವರು. ‘ಅದೆಲ್ಲ ಸರಿ ಸಾರ್. ನಾವು ಬರೋ ವರ್ಷ ಶೇಂಗಾ ಹಾಕ್ಬೇಕೋ, ಬ್ಯಾಡ್ವೋ? ಅದೊಂದು ಹೇಳಿ.’

ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. 2025-26ಕ್ಕೆ ಶೇಂಗಾ ಬೆಂಬಲ ಬೆಲೆ ಕ್ವಿಂಟಾಲಿಗೆ 7,263 ರೂಪಾಯಿ. ಆ ಬೆಲೆಗೆ ಕೊಳ್ಳುವವರು ಸುಗ್ಗಿ ಹೊತ್ತಿಗೆ ಸರಿಯಾಗಿ ಬಂದರೆ ಒಂದು ಮಾತು, ಬರದಿದ್ದರೆ ಇನ್ನೊಂದು. ದೆಹಲಿ ಸುಂಕ ಇಳಿಸಿದರೆ ಒಂದು, ಏರಿಸಿದರೆ ಒಂದು. ಅಲ್ಲಿ ಮಳೆ ಬಂದರೆ ಒಂದು, ಇಲ್ಲಿ ಬಂದರೆ ಒಂದು. ‘ಮೊದಲು ನಿಮ್ಮ ಮಳೆ ನೋಡಿಕೊಳ್ಳಿ, ಆಮೇಲೆ ಮನೆಗೆ ಬೇಕಾಗೋಷ್ಟಾದರೂ ಹಾಕಿ’ ಅಂದೆ. ಅವರು ‘ಅಷ್ಟು ನಂಗೂ ಗೊತ್ತಿತ್ತು’ ಅಂತ ಕೂತರು.

ಸಭೆ ಮುಗಿದ ಮೇಲೆ ನಾಲ್ಕೈದು ಹುಡುಗರ ಜೊತೆ ಹೊರಗೆ ಮಿರ್ಚಿ ಮಂಡಕ್ಕಿ ತಿನ್ನಲು ಹೋದೆ. ಬಾಣಲೆ ತುಂಬ ಎಣ್ಣೆ ಕುದಿಯುತ್ತಿತ್ತು. ಹುಡುಗನೊಬ್ಬ ಉತ್ಸಾಹದಿಂದ ಕೇಳಿದ: ‘ಅಣ್ಣಾ, ಇದು ಅರ್ಜೆಂಟೀನಾ ಎಣ್ಣೆನಾ?’

ಅಂಗಡಿಯವರು ಜಾಲರಿ ಸೌಟು ಎತ್ತಿ ಎಣ್ಣೆ ಬಸಿಯುತ್ತಾ ಅವನನ್ನೂ ನನ್ನನ್ನೂ ನೋಡಿದರು. ‘ಯಾವ ಟೀನಾನೂ ಇಲ್ಲಪ್ಪ, ಪಾಮೋಲಿನ್ನು. ಸೋಯಾ ಹಾಕಿದ್ರೆ ನೊರೆ ಬರ್ತದೆ. ಎಷ್ಟು ಪ್ಲೇಟ್ ಕೊಡ್ಲಿ?’